ಋಣ ಒಂದು

"ಗುರುಗಳೇ, ತಾವಾಗಿ ಕಲಿತವರಿಗೆ ಗುರುಋಣ ಇಲ್ಲವೇ?"

ಕೇಳಿದವನು ಕರಿಬಸವ, ಮಠದ ಪಾಠಶಾಲೆಯಲ್ಲಿ ಮಕ್ಕಳಿಗೆ ವ್ಯಾಕರಣ ಹೇಳುತ್ತಿದ್ದ ಶಿಷ್ಯ. ಅವನ ಮುಖ ಕೆಂಡವಾಗಿತ್ತು. ಅಂಗಳ ಗುಡಿಸುವ ನಿಂಗಾಜಮ್ಮ ಪೊರಕೆ ಹಿಡಿದು ಕಿಟಕಿಯ ಹೊರಗೆ ನಿಂತು ಪಾಠ ಕೇಳುತ್ತಿದ್ದಳು. ಅವನು ಕಿಟಕಿ ಮುಚ್ಚಿಸಿದ. ಅವಳು ಎಲ್ಲಿಂದಲೋ ಹಳೆಯ ವ್ಯಾಕರಣದ ಪುಸ್ತಕ ತಂದು ತಾನೇ ಓದಿದಳು. ಅಂದು ಬೆಳಿಗ್ಗೆ ಮಕ್ಕಳ ಎದುರಿಗೆ ಅವನದೇ ತಪ್ಪೊಂದನ್ನು ತಿದ್ದಿಬಿಟ್ಟಿದ್ದಳು.

"ಮಠದ ನೆರಳಿನಲ್ಲೇ ಇದ್ದುಕೊಂಡು, ನನಗೆ ಯಾರೂ ಕಲಿಸಲಿಲ್ಲ ಎನ್ನುತ್ತಾಳೆ. ಬಂದು ತಮ್ಮ ಕಾಲಿಗೆ ಬೀಳಬೇಡವೇ?"

ಗುರು ಶಿವನಂಜಯ್ಯ ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತುವ ಹೆಂಗಸೊಬ್ಬಳಿದ್ದಳು. ಕೆಲಸ ಕೈಗೆ ಬರುತ್ತಿತ್ತು, ಅದು ಏಕೆ ಹಾಗೆ ಎಂಬುದು ಗೊತ್ತಿರಲಿಲ್ಲ. ಮೋಟಾರು ಓಡಿದರೆ ಪುಣ್ಯ, ಓಡದಿದ್ದರೆ ಹಣೆಬರಹ. ಹೀಗೆ ಕುರುಡಾಗಿ ದುಡಿಯುವುದು ಅವಳಿಗೆ ಅವಮಾನವೆನಿಸಿತು. ರದ್ದಿ ಅಂಗಡಿಯಿಂದ ಸರ್ಕ್ಯೂಟಿನ ಲೆಕ್ಕದ ಪುಸ್ತಕವೊಂದನ್ನು ತಂದಳು. ಉತ್ತರಗಳಿದ್ದ ಕೊನೆಯ ಹಾಳೆಗಳನ್ನು ಯಾರೋ ಕಡಲೆಕಾಯಿ ಕಟ್ಟಲು ಹರಿದುಕೊಂಡಿದ್ದರು.

ಕರೆಂಟು ಹೋದಾಗಲೆಲ್ಲ ಅವಳು ಓದುತ್ತಿದ್ದಳು. ಆ ಊರಿನಲ್ಲಿ ಕರೆಂಟು ಹೋಗುವುದಕ್ಕೇನೂ ಬರವಿರಲಿಲ್ಲ. ತಂತಿಗಳು ಕೂಡುವ ಗಂಟಿಗೆ ಎಷ್ಟು ಕರೆಂಟು ಹರಿದು ಬಂತೋ ಅಷ್ಟೇ ಹೊರಗೆ ಹರಿಯಬೇಕು. ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬಂದರೆ ವೋಲ್ಟೇಜು ಏರಿದ್ದೂ ಇಳಿದದ್ದೂ ಸರಿಹೋಗಬೇಕು. ಇಷ್ಟು ಅವಳಿಗೆ ಸಲೀಸಾಗಿ ತಿಳಿಯಿತು. ಹರಿವಿನ ದಿಕ್ಕು ಗೊತ್ತಿಲ್ಲದಿದ್ದರೆ ಒಂದು ದಿಕ್ಕು ಊಹಿಸಿ ಬಾಣ ಬರೆ ಎಂದು ಪುಸ್ತಕ ಹೇಳುತ್ತಿತ್ತು. ಅವಳು ಬರೆದಳು.

ಒಂದು ಲೆಕ್ಕ ಮಾತ್ರ ಅವಳನ್ನು ಕಟ್ಟಿಹಾಕಿತು. ಒಂದು ಹೊಸ ಬ್ಯಾಟರಿ, ಒಂದು ಹಳೆಯ ಬ್ಯಾಟರಿ, ಎರಡೂ ಸೇರಿ ಒಂದು ಬಲ್ಬು ಉರಿಸಬೇಕು. ಎರಡರಿಂದಲೂ ಬಲ್ಬಿನ ಕಡೆಗೆ ಬಾಣ ಬರೆದಳು. ಹೊಸದಕ್ಕೆ ಬಂದ ಉತ್ತರ ಎರಡು. ಹಳೆಯದಕ್ಕೆ ಬಂದದ್ದು ಋಣ ಒಂದು, ಅಂದರೆ ಮೈನಸ್ ಒಂದು. ಅಳಿಸಿ ಮತ್ತೆ ಮಾಡಿದಳು. ಮತ್ತೆ ಋಣ ಒಂದು. ಕರೆಂಟು ಸೊನ್ನೆಗಿಂತ ಕಡಿಮೆ ಹರಿಯುವುದುಂಟೇ? ಅಳಿಸಿ ಅಳಿಸಿ ಹಾಳೆ ತೂತಾಯಿತು. ಇದು ನನ್ನ ತಲೆಗೆ ಹತ್ತುವ ವಿದ್ಯೆಯಲ್ಲ ಎಂದು ಒಂದು ದಿನ ಅತ್ತೂಬಿಟ್ಟಳು.

ಪಕ್ಕದ ಮನೆಯಲ್ಲಿ ಪಾಲಿಟೆಕ್ನಿಕ್ಕಿನ ಮೇಷ್ಟ್ರೊಬ್ಬರಿದ್ದರು. ಒಂದೇ ನೋಟ್ಸನ್ನು ಇಪ್ಪತ್ತು ವರ್ಷ ಓದಿ ಬರೆಸಿದವರು. ಅವರ ಜಗಲಿಯ ತುಂಬ ವಿದ್ಯಾರ್ಥಿಗಳು ಕೂತಿದ್ದ ಹೊತ್ತಿನಲ್ಲಿ ಅವಳು ಪುಸ್ತಕ ಹಿಡಿದು ಮೆಟ್ಟಿಲ ಕೆಳಗೆ ನಿಂತಳು.

"ಒಂದೇ ಮಾತು ಮೇಷ್ಟ್ರೇ. ಉತ್ತರದಲ್ಲಿ ಋಣ ಬಂದ್ರೆ ಲೆಕ್ಕ ತಪ್ಪಾ?"

"ಗುರು ಇಲ್ದೆ ಕಲಿತರೆ ಬರೋದು ಋಣವೇ ಕಣಮ್ಮ."

ಜಗಲಿಯೆಲ್ಲ ನಕ್ಕಿತು. ಮೇಷ್ಟ್ರು ಪುಸ್ತಕವನ್ನು ಮುಟ್ಟಲೂ ಇಲ್ಲ. 'ಅಲ್ಲ' ಎಂಬ ಎರಡಕ್ಷರ ಹೇಳಲು ಎಷ್ಟು ಹೊತ್ತು ಬೇಕು? ತಾನೂ ತಿನ್ನ, ಪರರಿಗೂ ಕೊಡ ಎನ್ನುವುದು ಇಂಥವರನ್ನೇ.

ಅವಳಿಗೆ ಮೈಯೆಲ್ಲ ಉರಿಯಿತು. ಆ ಉರಿಯಲ್ಲೇ ತನ್ನ ಅಂಗಡಿಗೆ ಬಂದು, ಲೆಕ್ಕದಲ್ಲಿದ್ದಂತೆಯೇ ಒಂದು ಹೊಸ ಬ್ಯಾಟರಿ, ಒಂದು ಹಳೆಯ ಬ್ಯಾಟರಿ, ಒಂದು ಬಲ್ಬು ಜೋಡಿಸಿದಳು. ಹಳೆಯ ಬ್ಯಾಟರಿಯ ತಂತಿಗೆ, ತಾನು ಬರೆದ ಬಾಣದ ದಿಕ್ಕಿಗೇ, ಮೀಟರು ಹಿಡಿದಳು. ಮುಳ್ಳು ಮುಂದಕ್ಕೆ ಹೋಗಲಿಲ್ಲ. ಹಿಂದಕ್ಕೆ ಬಾಗಿ ತಡೆಗೆ ಬಡಿದು ನಿಂತಿತು. ಮೀಟರಿನ ಎರಡು ತಂತಿಗಳನ್ನು ಅದಲು ಬದಲು ಮಾಡಿದಳು. ಮುಳ್ಳು ಎದ್ದು ಬಂದು ಒಂದರ ಗೆರೆಯ ಹತ್ತಿರ ನಿಂತಿತು.

ಅವಳು ಬಹಳ ಹೊತ್ತು ಅದನ್ನೇ ನೋಡಿದಳು. ಲೆಕ್ಕ ತಪ್ಪಿರಲಿಲ್ಲ. ಒಂದು ದಿನವೂ ತಪ್ಪಿರಲಿಲ್ಲ. ಹೊಸ ಬ್ಯಾಟರಿ ಕೊಟ್ಟ ಎರಡರಲ್ಲಿ ಒಂದು ಬಲ್ಬಿಗೆ ಹೋಗುತ್ತಿತ್ತು, ಇನ್ನೊಂದನ್ನು ಹಳೆಯ ಬ್ಯಾಟರಿ ಒಳಗೆ ಎಳೆದುಕೊಳ್ಳುತ್ತಿತ್ತು. ಋಣ ಎಂದರೆ ಇಷ್ಟೇ, ಮೊತ್ತ ಸರಿ, ಬಾಣ ಉಲ್ಟಾ.

ವರ್ಷ ಕಳೆಯಿತು. ಪರ್ಮಿಟ್ ಇಲ್ಲದವರು ಅಂಗಡಿ ಇಡಬಾರದೆಂದು ಹೊಸ ಕಾನೂನು ಬಂತು. ಪರ್ಮಿಟ್ ಸಿಗದಿದ್ದರೆ ಅವಳ ಅಂಗಡಿಗೆ ಬೀಗ. ಪರ್ಮಿಟ್ಟಿನ ಪರೀಕ್ಷೆಗೆ ಅರ್ಜಿ ತುಂಬಲು ಕೂತಳು. ಅದರಲ್ಲಿ 'ಕಲಿಸಿದವರ ಹೆಸರು' ಎಂದೊಂದು ಜಾಗವಿತ್ತು. ಸುದ್ದಿ ತಿಳಿದು ಮೇಷ್ಟ್ರು ತಾವಾಗಿಯೇ ಪೆನ್ನು ಹಿಡಿದು ಬಂದರು. ಅಷ್ಟರಲ್ಲಿ ಅವಳ ಕೈಗುಣ ಊರೂರಿಗೆ ಹೆಸರಾಗಿತ್ತು. ಹೂವಿನಿಂದ ನಾರೂ ಸ್ವರ್ಗಕ್ಕೆ ಎನ್ನುತ್ತಾರೆ. ಮೇಷ್ಟ್ರು ಬಂದದ್ದು ನಾರಿನಂತೆ ಆಸೆಪಟ್ಟು, ನಿಂತದ್ದು ಹೂವಿನ ಠೀವಿಯಲ್ಲಿ.

"ನನ್ನ ಹೆಸರು ಬರಿಯಮ್ಮ. ಪಕ್ಕದ ಮನೇಲಿ ನಾನಿರೋವಾಗ ಗುರು ಇಲ್ಲ ಅಂದ್ರೆ ಹೆಂಗೆ? ಹೆಸರಿಲ್ದಿದ್ರೆ ಅರ್ಜೀನೂ ತಗೊಳಲ್ಲ."

ಅವಳು ಅಂದಿನಂತೆಯೇ ಒಂದು ಹೊಸ ಬ್ಯಾಟರಿ, ಒಂದು ಹಳೆಯ ಬ್ಯಾಟರಿ, ಒಂದು ಬಲ್ಬು ಜೋಡಿಸಿ ಹಳೆಯದಕ್ಕೆ ಮೀಟರು ಹಿಡಿದಳು. ಮುಳ್ಳು ಹಿಂದಕ್ಕೆ ಬಡಿಯಿತು.

"ಮೀಟರ್ ತಂತಿ ಉಲ್ಟಾ ಕೊಟ್ಟಿದ್ದೀಯ" ಎಂದರು ಮೇಷ್ಟ್ರು.

"ತಂತಿ ಸರಿಯಾಗೇ ಇದೆ ಮೇಷ್ಟ್ರೇ. ಬ್ಯಾಟರಿ ಅಂದ್ಮೇಲೆ ಕೊಡುತ್ತೆ ಅಂತ ನಾನೂ ಅಂದ್ಕೊಂಡಿದ್ದೆ. ಇದು ತಗೊಳ್ತಾ ಇದೆ."

ಮೇಷ್ಟ್ರು ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು ಹೊರಟರು. ಅವಳು ಆ ಜಾಗದಲ್ಲಿ ಒಂದು ಅಡ್ಡಗೆರೆ ಎಳೆದಳು. ಕಚೇರಿಯವರು ಅದನ್ನು 'ಯಾರೂ ಇಲ್ಲ' ಎಂದು ಓದಿಕೊಂಡರು. ಅವಳು ಬರೆದದ್ದು ಋಣದ ಚಿಹ್ನೆ. ಅರ್ಜಿ ಎರಡು ಸಲ ವಾಪಸ್ಸು ಬಂತು. ಎರಡು ಸಲವೂ ಆ ಗೆರೆಯನ್ನು ಇನ್ನಷ್ಟು ದಪ್ಪ ಮಾಡಿ ಕಳಿಸಿದಳು. ಮೂರನೆಯ ಸಲ ಅರ್ಜಿ ದಾಟಿತು, ಪರೀಕ್ಷೆಯನ್ನು ಅವಳು ದಾಟಿದಳು.

ಗುರುಗಳು ಕತೆ ನಿಲ್ಲಿಸಿದರು. ಕರಿಬಸವನಿಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ನಿಂಗಾಜಮ್ಮನ ವಿಷಯದಲ್ಲಿ ಋಣವೇ ಇಲ್ಲ ಎನ್ನುತ್ತೀರಾ?"

ಗುರುಗಳು ಪಾಠಶಾಲೆಯ ಮುಚ್ಚಿದ ಕಿಟಕಿಯ ಕಡೆ ನೋಡಿದರು. ಅವರು ನೋಡಿದಲ್ಲೇ ಕರಿಬಸವನೂ ನೋಡಿದ.

"ಋಣ ಇದೆ, ಮಗು. ಬಾಣವನ್ನು ತಿರುಗಿಸಿ ಬರೆ."