ಲಘುಪಾದನ ರಂಗಪ್ರವೇಶ

ದಾಸವಾಳದ ಗಿಡದಲ್ಲಿ ಲಘುಪಾದನೆಂಬ ಜೇಡನಿದ್ದ. ಕುಣಿತದಲ್ಲಿ ಅವನಿಗೆ ಸಾಟಿಯಿರಲಿಲ್ಲ. ಆದರೆ ಕುಣಿಯಲು ಸಿಕ್ಕಿದ್ದು ಒಣಗಿದ ಎಲೆಗಳು ಮಾತ್ರ. ಬಾವಿಯ ಬಾಯಿಗೆ ಅಡ್ಡಲಾಗಿ ಬಲೆ ಕಟ್ಟಿದ್ದ ಹೆಣ್ಣುಜೇಡ ಮಹಾಜಾಲೆ ಒಂದು ದಿನ ಅವನಿಗೆ ಹೇಳಿಕಳಿಸಿದಳು: "ನನ್ನ ಬಲೆಯ ಮೇಲೆ ಕುಣಿ. ಮೆಚ್ಚಿದರೆ ನಿನ್ನನ್ನೇ ವರಿಸುವೆ." ಅದಕ್ಕಿಂತ ದೊಡ್ಡ ರಂಗ ಆ ತೋಟದಲ್ಲಿರಲಿಲ್ಲ.

ಅಲ್ಲಿಗೆ ಹೋಗುವವರು ನೂಲಿನಲ್ಲಿ ಸುತ್ತಿದ ನೊಣವೊಂದನ್ನು ಕಾಣಿಕೆ ಒಯ್ಯಬೇಕು. ಅವಳು ಅದನ್ನು ತಿಂದು ಮುಗಿಸುವಷ್ಟರಲ್ಲಿ ಕುಣಿದು ಹಿಂದಿರುಗಬೇಕು. ಇದು ಜೇಡರ ವಾಡಿಕೆ.

ಲಘುಪಾದ ನೊಣವನ್ನೇನೋ ಹಿಡಿದ. ಆದರೆ ಹೊರಡುವಾಗ ಬೇಲಿಯಲ್ಲಿದ್ದ ಅವನ ಪ್ರೇಯಸಿ ಸೂಕ್ಷ್ಮತಂತು ದಾರಿಗೆ ಅಡ್ಡ ನಿಂತಳು.

"ನೊಣ ಅವಳಿಗೋ, ನನಗೋ?"

"ನಿನಗೇ," ಎಂದು ಅವನು ಅದನ್ನು ಅವಳ ಕೈಗಿತ್ತು, ಅಷ್ಟೇ ಗಾತ್ರದ ಬೇವಿನ ಬೀಜವೊಂದನ್ನು ನೂಲಿನಲ್ಲಿ ಸುತ್ತಿಕೊಂಡ. ನನ್ನ ಕುಣಿತ ನೋಡುತ್ತ ಕೂತವಳಿಗೆ ಪೊಟ್ಟಣದ ನೆನಪೆಲ್ಲಿರುತ್ತದೆ ಎಂದುಕೊಂಡ.

ಬಲೆಯ ಮೇಲೆ ಕಾಲಿಟ್ಟಾಗ ಸುತ್ತಲೂ ತೂಗುತ್ತಿದ್ದ ಟೊಳ್ಳು ದೇಹಗಳು ಕಂಡವು.

"ಇವರೆಲ್ಲ ಯಾರು, ದೇವಿ?"

"ನಿನಗಿಂತ ಮೊದಲು ಕುಣಿದವರು. ಶುರು ಮಾಡು."

ಅವನು ಹಿಂದೆಂದೂ ಕುಣಿಯದ ಹಾಗೆ ಕುಣಿದ. ಮಹಾಜಾಲೆ ಅವನ ಮೇಲಿನ ಕಣ್ಣು ಕದಲಿಸದೆ ಪೊಟ್ಟಣ ಬಿಚ್ಚಿದಳು, ಬೀಜವನ್ನು ಬಾವಿಗೆ ಬಿಟ್ಟಳು. ಅದು ನೀರಿಗೆ ಬಿದ್ದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು. ಲಘುಪಾದನ ಎಂಟೂ ಕಾಲು ನಡುಗತೊಡಗಿದವು.

"ಈ ನಡುಕ ಬಹಳ ಚೆನ್ನಾಗಿದೆ," ಎಂದಳು ಅವಳು. "ಇಂಥ ಕುಣಿತವನ್ನು ನಾನು ಕಂಡಿರಲಿಲ್ಲ. ದಣಿವಾದಾಗ ಹೇಳು."