ಮಲ್ಲಿಗೆ ಎಂಬ ಎಮ್ಮೆ

ಕನಕವಲ್ಲಮ್ಮನವರಿಗೆ ಪ್ರಾಣಿಗಳೆಂದರೆ ಪ್ರಾಣ. ಸಂತೆಯಿಂದ ಒಂದು ಎಮ್ಮೆ ತಂದು ಅದಕ್ಕೆ ಮಲ್ಲಿಗೆ ಎಂದು ಹೆಸರಿಟ್ಟರು. ದಿನಕ್ಕೆರಡು ಸಲ ಗಂಧದ ಸಾಬೂನು ಹಚ್ಚಿ ತೊಳೆದರು, ಮೈಗೆಲ್ಲ ಪೌಡರು ಬಳಿದರು, ಕೊರಳಿಗೆ ರಿಬ್ಬನ್ನು ಕಟ್ಟಿದರು. ಕೆರೆಯ ಕೆಸರಿನಲ್ಲಿ ಬಿದ್ದುಕೊಂಡಿದ್ದ ಊರಿನ ಎಮ್ಮೆಗಳನ್ನು ಕಂಡಾಗಲೆಲ್ಲ, "ಪಾಪ, ಇವಕ್ಕೆ ಯಾರೂ ದಿಕ್ಕಿಲ್ಲ," ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು.

ಬೇಸಿಗೆ ಏರಿತು. ಅಂಗಳದಲ್ಲಿ ಕಟ್ಟಿದ್ದ ಮಲ್ಲಿಗೆಯ ಚರ್ಮ ಬಿರಿಯಿತು, ನೊಣಗಳು ಮುತ್ತಿದವು. ಅದು ಹುಲ್ಲು ಮುಟ್ಟುವುದನ್ನೇ ಬಿಟ್ಟಿತು. ಮೂರನೆಯ ದಿನ ಕನಕವಲ್ಲಮ್ಮ ಅದರ ಕೊರಳು ತಬ್ಬಿ ಗೊಳೋ ಎಂದು ಅತ್ತರು.

"ಅಳಬೇಡಿ ಅಮ್ಮಾ, ಮೊದಲೇ ಸೆಕೆ," ಎಂದಿತು ಎಮ್ಮೆ. "ನನ್ನನ್ನು ಕೆರೆಗೆ ಬಿಡಿ."

"ಆ ಕೆಸರಿಗೆ? ನಿನ್ನನ್ನು ಮಗಳ ಹಾಗೆ ಸಾಕಿದ್ದೇನಲ್ಲೇ!"

"ತೊಂದರೆ ಆಗಿರುವುದೇ ಅದರಿಂದ, ತಾಯಿ. ಒಂದು ದಿನ ಎಮ್ಮೆಯ ಹಾಗೆ ಸಾಕಿ ನೋಡಿ."

ಮಾತು ಚುಚ್ಚಿತು. ಆದರೂ ಉಪವಾಸ ಬಿದ್ದ ಜೀವದ ಮುಂದೆ ಹಟ ನಿಲ್ಲಲಿಲ್ಲ, ಹಗ್ಗ ಬಿಚ್ಚಿದರು. ಮಲ್ಲಿಗೆ ಬಾಲವೆತ್ತಿ ಓಡಿತು. ಕೆರೆಯಂಚಿನ ಕೆಸರಿಗೆ ದೊಪ್ಪನೆ ಬಿದ್ದು, ಹೊರಳಿ ಹೊರಳಿ, ಕಣ್ಣು ಮುಚ್ಚಿ ಮಲಗಿತು. ಅಂಥ ಸುಖವನ್ನು ಕನಕವಲ್ಲಮ್ಮ ಆ ಮುಖದಲ್ಲಿ ಒಮ್ಮೆಯೂ ಕಂಡಿರಲಿಲ್ಲ. ಅವರಿಗೆ ನಗು ತಡೆಯಲಾಗಲಿಲ್ಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತಾವೂ ಇಳಿದರು. ಬೊಗಸೆ ತುಂಬ ಕೆಸರು ಮೊಗೆದು ಅದರ ಬೆನ್ನಿಗೆ ಮೆತ್ತಿದರು.

"ಇನ್ನೂ ಸ್ವಲ್ಪ ಮೇಲೆ ಅಮ್ಮಾ," ಎಂದಿತು ಎಮ್ಮೆ. "ಹಾಂ, ಅಲ್ಲೇ!"