ಮೇಕೆ ಯಾರ ಹೆಸರಿಗೆ?

ಹೇಳಿದ ಮಾತು ಕೇಳದ ಮಕ್ಕಳನ್ನು ಹೆತ್ತವರು ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. ಕಾಟಮ್ಮ ಮಾತ್ರ ಹೇಳಿದ್ದನ್ನೆಲ್ಲ ಕೇಳುವ ಮಗನನ್ನು ಹೆತ್ತು ಚಚ್ಚಿಕೊಂಡಳು! ಮಗನ ಹೆಸರು ಗಾದ್ರ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ.

ಗಂಡ ಸತ್ತು ಹತ್ತು ವರ್ಷವಾದ ಕಾಟಮ್ಮ ಪಕ್ಕದ ಹಟ್ಟಿಯ ದುಗ್ಗಪ್ಪನಿಂದ ಒಂದು ಮೇಕೆ ಕೊಂಡಿದ್ದಳು. ಅಂತಿಂಥ ಮೇಕೆಯಲ್ಲ, ಕಿವಿಗೆ ಹಳದಿ ಓಲೆ ಹೊಡೆದು ದನದಾಸ್ಪತ್ರೆಯ ಪುಸ್ತಕದಲ್ಲಿ ಬರೆಸಿದ ಮೇಕೆ. ಅದು ಗಬ್ಬವಾಯಿತು. ದುಗ್ಗಪ್ಪನ ಬಾಯಲ್ಲಿ ನೀರೂರಿತು.

"ಪುಸ್ತಕದಾಗೆ ಇನ್ನೂ ನನ್ನ ಹೆಸರೇ ಐತೆ. ಮೇಕೆ ನಂದು, ಮರಿನೂ ನಂದು!" ಅಂತ ಬಾಗಿಲಿಗೇ ಬಂದು ಹಲ್ಲು ಕಿಸಿದ.

ಕಾಟಮ್ಮನಿಗೆ ಮೈಯೆಲ್ಲ ಉರಿಯಿತು. ತಾನೇ ಹೋಗೋಣವೆಂದರೆ ಕಾಲಿಗೆ ಜಾಲಿಮುಳ್ಳು ನಾಟಿ ಕೀವು ತುಂಬಿತ್ತು.

"ಲೋ ಗಾದ್ರ! ಮೇಕೆ ಹಿಡ್ಕೊಂಡು ದನದಾಸ್ಪತ್ರೆಗೆ ಹೋಗು. ಹೆಸರು ಬದಲಾಯಿಸ್ಕೊಂಡು ಬಾ!"

"ಹೂ ಕಣಮ್ಮೋ!"

ಹೋದ. ಬಂದ.

"ಬದಲಾಯಿಸ್ದೇನೋ?"

"ದಾರಿಯಾಗೇ ಬದಲಾಯಿಸ್ದೆ! ಮೊದಲು ನೀಲಿ ಅಂತಿದ್ವಲ್ಲ, ಈಗ ಚೆನ್ನಿ! ಕರೆದ್ರೆ ತಿರುಗಿ ನೋಡ್ತಾಳೆ!"

"ನಿನ್ ಬುದ್ಧಿಗೆ ಬೆಂಕಿ ಹಾಕ! ಮೇಕೆ ಹೆಸರಲ್ಲ ಕಣೋ, ಮೇಕೆ ಯಾರ್ದು ಅನ್ನೋ ಹೆಸರು! ಅಲ್ಲಿ 'ಯಾರ್ದು' ಅಂತ ಕೇಳ್ತಾರೆ. 'ನಮ್ಮಮ್ಮಂದು' ಅನ್ನು!"

"ಹೂ ಕಣಮ್ಮೋ!"

ಹೋದ. ಆಸ್ಪತ್ರೆಯ ಅಂಗಳದಲ್ಲಿ ಯಾರದೋ ಹೋರಿ ಹಗ್ಗ ಹರಿದುಕೊಂಡು, ಕಂಪೌಂಡರನನ್ನು ಬೇವಿನ ಮರ ಹತ್ತಿಸಿತ್ತು.

"ಯಾರ್ದ್ರಯ್ಯೋ ಈ ಹೋರಿ?" ಅಂತ ಅವನು ಮೇಲಿಂದ ಅರಚಿದ. ಹೋರಿಯ ಒಡೆಯ ಮೆಲ್ಲಗೆ ಜಾರಿಕೊಂಡ.

"ನಮ್ಮಮ್ಮಂದು!" ಅಂದ ಗಾದ್ರ.

ಸಂಜೆಗೆ ನಾಲ್ಕು ಜನ ಹೋರಿಯನ್ನು ಎಳೆತಂದು ಕಾಟಮ್ಮನ ಬಾಗಿಲಿಗೆ ಕಟ್ಟಿ, ಬಾಯಿಗೆ ಬಂದಂತೆ ಬೈದು ಹೋದರು. ಬೆಳಿಗ್ಗೆ ಅದರ ಒಡೆಯ ಬಂದು, "ಕಳ್ಳಿ!" ಎಂದು ಬೈದು ಬಿಚ್ಚಿಕೊಂಡು ಹೋದ. ಹುಟ್ಟಿದಾಗಿನಿಂದ ಒಂದು ಹುಲ್ಲುಕಡ್ಡಿ ಕದ್ದವಳಲ್ಲ ಕಾಟಮ್ಮ! ಸಿಟ್ಟಿಗೆ ಅಳುವೇ ಬಂತು.

"ಇನ್ಮೇಲೆ ಬಾಯಿ ತೆಗೆದ್ರೆ ಹಲ್ಲು ಉದುರಿಸ್ತೀನಿ!"

ಅಷ್ಟರಲ್ಲಿ ಹಟ್ಟಿಯ ಹಿರಿಯರು ದುಗ್ಗಪ್ಪನಿಗೆ ಛೀಮಾರಿ ಹಾಕಿದ್ದರು. ಮೇಕೆ ಮಾರಿದ್ದು ನಿಜವೆಂದು ದನದಾಸ್ಪತ್ರೆಯಲ್ಲಿ ಹೆಬ್ಬೆಟ್ಟು ಒತ್ತಲು ಅವನು ಗೊಣಗುತ್ತ ಹೊರಟ.

"ನೋಡೋ," ಅಂದಳು ಕಾಟಮ್ಮ, "ಯಜಮಾನ ಯಾರು ಅಂತ ಕೇಳ್ತಾರೆ. ತುಟಿ ಬಿಚ್ಚಬೇಡ! ದುಗ್ಗಪ್ಪನ ಕಡೆ ಬೆರಳು ತೋರಿಸು. ನನ್ನ ಹೆಸರು ಈ ಚೀಟಿಯಾಗೈತೆ, ಕೊಡು. ತಿಳೀತಾ?"

ಗಾದ್ರ ತುಟಿ ಬಿಚ್ಚಲಿಲ್ಲ. ತಲೆಯಾಡಿಸಿ ಹೋದ.

ಕಂಪೌಂಡರ ಪುಸ್ತಕ ತೆಗೆದ. "ಮೇಕೆಯ ಹಳೇ ಯಜಮಾನ ಯಾರು?"

ಗಾದ್ರ ಬೆರಳು ತೋರಿಸಿದ. ದುಗ್ಗಪ್ಪ ಹೆಬ್ಬೆಟ್ಟು ಒತ್ತಿದ. ಜನ್ಮದಲ್ಲಿ ಮೊದಲ ಸಲ ಪೆದ್ದನ ಕೆಲಸ ಸರಿಯಾಗಿತ್ತು! ಕಂಪೌಂಡರ ಚೀಟಿ ನೋಡಿ 'ಕಾಟಮ್ಮ' ಅಂತ ಬರೆದುಕೊಂಡ. ಹೆಂಗಸಿನ ಹೆಸರಿನ ಮುಂದೆ ಗಂಡನ ಹೆಸರು ಬೇಕಲ್ಲ?

"ನಿಮ್ಮಮ್ಮನ ಯಜಮಾನ್ರು ಯಾರಪ್ಪ?"

ತುಟಿ ಬಿಗಿದೇ ಇತ್ತು. ಬೆರಳು ಎದ್ದಿತು. ಆ ಕಳ್ಳ ದುಗ್ಗಪ್ಪ ಇಲ್ಲ ಅನ್ನಲಿಲ್ಲ, ಮೀಸೆ ತಿರುವಿದ.

ಗಾದ್ರ ಕುಣಿಯುತ್ತ ಮನೆಗೆ ಬಂದ. ಅವನು ಆಸ್ಪತ್ರೆಯಿಂದ ತಂದ ಕಾಗದವನ್ನು ಕಾಟಮ್ಮ ಅಕ್ಷರ ಕೂಡಿಸಿ ಓದಿದಳು. 'ಮೇಕೆಯ ಒಡತಿ ಕಾಟಮ್ಮ.' ಸದ್ಯ! ಅಂದುಕೊಂಡಳು. ಮುಂದಿನ ಸಾಲು ಓದಿದಳು. 'ಗಂಡ ದುಗ್ಗಪ್ಪ.'

ಕೀವು ತುಂಬಿದ ಕಾಲು ಮರೆತುಹೋಯಿತು. ಒನಕೆ ಹಿಡಿದು ಮಗನನ್ನು ಅಟ್ಟಿಸಿಕೊಂಡು ಹೊರಟಳು.

"ಯಾಕಮ್ಮೋ ಹೊಡೀತೀಯಾ?" ಅಂತ ಗಾದ್ರ ಓಡುತ್ತಲೇ ಕೂಗಿದ. "ಮೇಕೆ ನಿನ್ನ ಹೆಸರಿಗಾತು! ಒಂದು ಮುದ್ದೆ ಜಾಸ್ತಿ ಮಾಡು, ಅಪ್ಪ ಊಟಕ್ಕೆ ಬರ್ತೀನಿ ಅಂದವ್ನೆ!"